ಕಣ್ಣಿದ್ದ ಕುರುಡ ಮಾಸ್ತರ

ಪಾತ್ರೆ ಬಿದ್ದು ಸದ್ದಾದರೆ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ನಮ್ಮ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರಿಗೆ ಸದ್ದೆಲ್ಲ ಬಣ್ಣವಾಗಿ ಕಾಣುತ್ತಿತ್ತು. ಪೇಟಿಯ ಕರಿ, ಬಿಳಿ ಮನೆಗಳ ಲೆಕ್ಕದಲ್ಲೇ ಶ್ರುತಿ ಕೇಳುವವರು ನಾವು. "ಕರಿ ಒಂದು ಕೊಡ್ರಿ ಮಾಸ್ತರ" ಎಂದರೆ ಸಿಡುಕುತ್ತಿದ್ದರು: "ಎಲ್ಲಿ ಕರಿ ಅದ? ಅಪ್ಪಟ ಅರಿಷಿಣ ಅದು!"

ನಾನು ನಾಯಕಿಯ ಪಾತ್ರ ಮಾಡುತ್ತಿದ್ದೆ. ಮಾಸ್ತರರ ಬಾಯಿ ಭಾರಿ ಖಾರ. ತಾಲೀಮಿನಲ್ಲಿ ನನ್ನನ್ನು ಅಳಿಸದ ದಿನವಿಲ್ಲ. ಒಮ್ಮೆ ಮಾತ್ರ, "ನಿನ್ನ ದನಿ ಶಹಾಬಾದ ಪರಸಿ ಕಲ್ಲಿನ ಬಣ್ಣ ಅದ ತಂಗಿ. ಸುಮ್ಮ ಬೆಳ್ಳಗ ಮಾಡ್ಲಿಕ್ಕ ಹೋಗಬ್ಯಾಡ" ಎಂದರು. ನಾನು ಹಾಡುಗಾರ್ತಿಯಾದದ್ದು ಆ ಮಾತಿನಿಂದ.

ನಿಜಾಮರ ಆಳ್ವಿಕೆ ಮುಗಿದು ಕಂಪನಿಗಳು ಮತ್ತೆ ಊರೂರು ತಿರುಗತೊಡಗಿದ್ದವು. ಪೈಪೋಟಿ ಜೋರು, ವಾರವಾರವೂ ಹೊಸ ನಾಟಕ ಬೇಕು. ಶಹಾಬಾದಿನ ಕ್ಯಾಂಪಿನಲ್ಲಿ ಮಾಲಕರು ದೀಪಗಳಿಗೆ ಬಣ್ಣದ ಗಾಜು ಹಾಕಿಸಿದರು. ನನ್ನ ಶೋಕದ ಹಾಡಿಗೆ ಕೆಂಪು ಬೆಳಕು ಬಿತ್ತು. ಮಾಸ್ತರರಿಗೆ ಆ ಹಾಡು ಹಸಿರು. ಎರಡೂ ಕಲಸಿಹೋಗಿ ಅವರ ಕೈ ನಿಂತುಬಿಟ್ಟಿತು. ಮಂದಿ ಸಿಳ್ಳೆ ಹೊಡೆದರು.

ಮರುದಿನ ಮಾಲಕರೇ ಅವರ ಕಣ್ಣಿಗೆ ಬಟ್ಟೆ ಕಟ್ಟಿ ಕೂಡಿಸಿದರು. ಪೇಟಿ ಸರಾಗವಾಗಿ ನುಡಿಯಿತು. ಜನ ಅವರನ್ನು ಕುರುಡರೆಂದೇ ತಿಳಿದು ಲೊಚಗುಟ್ಟಿದರು. ಮಾಲಕರಿಗೆ ಅಷ್ಟೇ ಸಾಕಾಯಿತು. 'ಹುಟ್ಟು ಕುರುಡ ಮಾಸ್ತರರ ಪೇಟಿ' ಎಂದು ಊರೆಲ್ಲ ಡಂಗುರ ಹೊಡೆಸಿದರು. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಲ್ಲಿಂದ ಮುಂದೆ ಚಿತ್ತಾಪುರ, ಸೇಡಂ, ಎಲ್ಲಿ ಹೋದರೂ ಹಗಲಲ್ಲೂ ಕಣ್ಣಿನ ಪಟ್ಟಿ ಬಿಚ್ಚುವಂತಿರಲಿಲ್ಲ. ಕೈಹಿಡಿದು ಬಜಾರಿಗೆ ಕರೆದೊಯ್ಯುತ್ತಿದ್ದವಳು ನಾನೇ.

"ಒಂದ್ ದಿನ ಕಣ್ಣು ಬಿಡ್ತೀನ್ರಿ," ಎಂದು ಮಾಸ್ತರರು ಮಾಲಕರನ್ನು ಬೇಡಿಕೊಂಡರು.

"ಬಿಡ್ರಿ. ಅವತ್ತೇ ಕಂಪನೀನೂ ಬಿಡ್ರಿ."

ಬೆಳಕು ಬದಲಾದರೆ ಕೈ ನಿಲ್ಲುವ ಮಾಸ್ತರನನ್ನು ಇನ್ಯಾವ ಕಂಪನಿ ಇಟ್ಟುಕೊಂಡೀತು? ಅವರು ಉಳಿದರು. "ಪಟ್ಟಿ ಒಳಗ ನಿನ್ನ ಹಾಡಷ್ಟೇ ಕಾಣ್ತದ ತಂಗಿ. ನಿನ್ನ ಮಾರಿ ಮರ್ತೀನಿ," ಎಂದರು ನನಗೆ.

ವಾಡಿಯಲ್ಲಿ ಒಂದು ಬೆಳಿಗ್ಗೆ ಒಬ್ಬರೇ ಹೊರಕಡೆಗೆ ಹೋದವರು ಕಲ್ಲಿನ ಖಣಿಗೆ ಬಿದ್ದು ಸತ್ತರು. ದಾರಿಯಲ್ಲಿ ಜನ ಓಡಾಡುತ್ತಿದ್ದರಂತೆ. ಅದಕ್ಕೇ ಪಟ್ಟಿ ಸರಿಸಿರಲಿಲ್ಲ.

ಲಿಂಗವಂತರ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಪಟ್ಟಿ ಹಾಗೇ ಇತ್ತು. ನಾನು ಬಿಚ್ಚಲು ಹೋದೆ.

"ಕೈ ತೆಗಿ. ಮಂದಿ ನೋಡ್ಲಿಕತ್ತದ, ಸಂಜೀಕ ನಾಟಕ ಅದ," ಎಂದು ಮಾಲಕರು ಪಿಸುಗುಟ್ಟಿದರು.

ಬಿಚ್ಚಿಯೇಬಿಟ್ಟೆ. ಕಣ್ಣು ತೆರೆದೇ ಇದ್ದವು.

ದರ್ಶನಕ್ಕೆ ಬಂದ ಮುದುಕಿಯೊಬ್ಬಳು ಬಗ್ಗಿ ನೋಡಿ, "ಎಷ್ಟು ಚಂದ ಕಣ್ಣು ಅವ ನೋಡ್ರೆವ್ವ! ಪಾಪ, ಹುಟ್ಟಿದಾಗಿಂದ ಏನೂ ಕಾಣ್ಲಿಲ್ಲ," ಎಂದಳು.

"ಹೌದವ್ವ," ಎಂದು ಮಾಲಕರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.