ಹಿಂದಕ್ಕ ಓಡೂ ಕೆಲಸ

ಮೊದಲ ಒಂದು ಮಾತು ಒಪ್ಕೊಂಡ್ಬಿಡ್ತೀನಿ. ನನಗ ಚಲೋ ಬರೂ ವಿದ್ಯಾ ಒಂದ, ಹಿಂದಕ್ಕ ಓಡೂದು. ಡೊಂಬಿವಲಿ ಎಂಐಡಿಸಿ ಫ್ಯಾಕ್ಟರಿಗಳ ಬಾಜೂಕ ನಮ್ಮ ಬಿಲ್ಡಿಂಗು. ಅದರ ಟೆರೇಸ್ ಮ್ಯಾಲ, ಒಣಗಹಾಕಿದ ಅರಿವಿ ನಡುವ, ಮೂರು ವರ್ಷದಿಂದ ದಿನಾ ಮುಂಜಾನೆ ಹಿಂದಕ್ಕ ಓಡ್ತೀನಿ. ಎರಡು ಸಲ ನೀರಿನ ಟಾಕಿಗೆ ಬಡಕೊಂಡೀನಿ, ಒಂದು ಸಲ ಮೂರನೇ ಮಾಳಿಗಿ ಕಾಕೂನ ಸೀರಿ ಸುತ್ತಕೊಂಡು ಬಿದ್ದೀನಿ. ಅವತ್ತ ಕಾಕೂ ನಮ್ಮ ಅವ್ವನ್ನ ಕರದು ಮೆತ್ತಗ ಕೇಳಿದ್ರಂತ, "ನಿಮ್ಮ ಹುಡುಗ ಏನರೆ ಹರಕಿ ಹೊತ್ತಾನೇನ್ರಿ?" ಅವ್ವ "ಹೌದ್ರಿ, ಪಾಸಾಗ್ಲಿ ಅಂತ" ಅಂದು ಮುಗಿಸ್ಯಾಳ. ಪಾಪ, ಅವಳರೆ ಏನು ಹೇಳಬೇಕು? ಅಮೆರಿಕನ್ ಫುಟ್‌ಬಾಲ್ ಅಂತ ಒಂದು ಆಟ, ಹೆಸರಿನಾಗ ಫುಟ್ ಇದ್ರೂ ಕೈಲೇ ಜಾಸ್ತಿ ಆಡ್ತಾರ, ಅದರಾಗ ಕಾರ್ನರ್‌ಬ್ಯಾಕ್ ಅಂತ ಒಂದು ಜಾಗಾ, ಅದು ನನ್ನ ಮಗಂದು, ಇಷ್ಟು ಹೇಳೂದ್ರಾಗ ಕುಕ್ಕರ್ ಮೂರು ಸೀಟಿ ಹೊಡೀತಿತ್ತು.

ನಿಮಗ ಹೇಳ್ತೀನಿ, ನಿಮ್ಮ ಕುಕ್ಕರ್ ಸಣ್ಣ ಇಟ್ಟು ಬರ್ರಿ. ಎದುರಿನ ಟೀಮಿನವ ಚೆಂಡು ಹಿಡೀಲಿಕ್ಕೆ ನನ್ನ ಮ್ಯಾಲ ಓಡಿ ಬರ್ತಾನ. ತಾ ಎಲ್ಲಿ ತಿರಗ್ತೀನಿ ಅಂತ ಅವಗ ಗೊತ್ತು, ನನಗ ಗೊತ್ತಿಲ್ಲ. ಅವನ ಕಡೆ ಮಾರಿ ಮಾಡಿ ನಾ ಹಿಂದಕ್ಕ ಓಡ್ಕೋತ, ಅವ ತಿರುಗಿದ ಕ್ಷಣಕ್ಕ ತಿರಗಬೇಕು. ಚೆಂಡು ಅವಗ ಸಿಗಬಾರದು, ಅಷ್ಟ. ನಾ ಚಲೋ ಆಡಿದ ದಿನ ನನ್ನ ಕಡೆ ಚೆಂಡ ಬರೂದಿಲ್ಲ, ಯಾರೂ ನನ್ನ ನೋಡೂದಿಲ್ಲ. ತಪ್ಪಿದ್ರ ಇಡೀ ಗ್ರೌಂಡು ನೋಡ್ತೈತಿ. ನಮ್ಮ ಎಂಐಡಿಸಿ ಕೆಮಿಕಲ್ ವಾಸನಿ ಇದ್ದಂಗ. ವಾಸನಿ ಬಂದ ದಿನ ಎಲ್ಲಾರೂ ಕಿಡಕಿ ಹಾಕಿ ಬೈತಾರ. ಬರದಿದ್ದ ದಿನ "ಆಹಾ, ಇವತ್ತ ವಾಸನಿ ಬರಲಿಲ್ಲ" ಅಂತ ಯಾರರೆ ಪೇಢೆ ಹಂಚ್ಯಾರೇನು?

ಈ ವಿದ್ಯಾ ನನಗ ಯಾರೂ ಕಲಿಸಿಲ್ಲ, ಫೋನ್ ಕಲಿಸೈತಿ. ಲೋಕಲ್ ಗಾಡಿಯಾಗ ಒಬ್ಬನ ಕಂಕಳದಾಗ ಮಾರಿ ಇಟ್ಟು, ಇನ್ನೊಬ್ಬನ ಹೆಗಲ ಮ್ಯಾಲ ಫೋನ್ ಆನಿಸಿ, ವಿಡಿಯೋ ನೋಡಿ ಕಲತೀನಿ. ಅಮೆರಿಕಾದಾಗ ಈ ಆಟಕ್ಕ ಕಾಲೇಜ ಏಣಿ. ಮೂರು-ನಾಕು ವರ್ಷ ಕಾಲೇಜಿಗೆ ಆಡಿದ್ರ, ದೊಡ್ಡ ಟೀಮಿನವ್ರು ಬಂದು ಅಳೀತಾರ. ಎತ್ತರ, ಓಟ, ಕಡೀಕ ತೋಳಿನ ಉದ್ದ ಸುದ್ದಾ, ಅಂಗಿ ಹೊಲಿಯಾವ್ರಗತೆ. ಆಮ್ಯಾಲ ಒಬ್ಬೊಬ್ಬರ ಹೆಸರು ಕೂಗ್ತಾರ, ಮನಿ ಮಂದಿ ಅಳ್ತಾರ. ನಮ್ಮ ಕಾಲೇಜಿನಾಗ ಏಣಿ ಇರ್ಲಿಲ್ಲ, ಚೆಂಡ ಇರ್ಲಿಲ್ಲ. ಹದಿನೈದು ಮಂದಿ ಕೂಡಿ ಒಂದು ಚೆಂಡು ತರಿಸಿದ್ವಿ. ಹಂಗಿದ್ರೂ ಈ ವರ್ಷ ನೆರೂಳದಾಗ ಒಂದು ಟ್ರಯಲ್ ಇಟ್ರು. ಪಗಾರ ಕೊಟ್ಟು ಆಡಿಸೂ ಖರೇ ಟೀಮು, ಕಾರ್ನರ್‌ಬ್ಯಾಕಿಗೆ ಒಂದ ಜಾಗಾ.

ಅಪ್ಪ ಒಂದ ಮಾತು ಹೇಳಿದ. "ತೊಗೊಂಡ್ರ ಆಡು. ಇಲ್ಲಂದ್ರ ಸೋಮವಾರದಿಂದ ವಾಲ್ವ್ ಕಂಪನಿಗೆ ಹೋಗು. ಮಾತಾಡಿ ಇಟ್ಟೀನಿ."

ಅಪ್ಪ ವಿಜಯಪುರದಿಂದ ಬಂದಾವ, ಕಳಂಬೋಲಿ ಲೋಖಂಡ ಬಜಾರದಾಗ ಕಬ್ಬಿಣ ಲೋಡಿಂಗ್ ಕೆಲಸ. ಟ್ರಯಲ್ ಆಯಿತವಾರ ಇತ್ತು, ಅವಗ ಸುಟ್ಟಿ. "ಗ್ರೌಂಡು ಹೆಂಗೈತಿ ನೋಡೂಣು" ಅಂತ ಹಿಂದ ಬಂದ. ನೆರೂಳಕ್ಕ ಹೋಗಬೇಕಂದ್ರ ನಾವು ಮೊದಲ ಉಲ್ಟಾ ಕಲ್ಯಾಣಕ್ಕ ಹೋದ್ವಿ. ಇದು ಡೊಂಬಿವಲಿ ಮಂದಿ ಸಂಪ್ರದಾಯ. ನಮ್ಮ ಸ್ಟೇಷನ್ದಾಗ ಗಾಡಿ ತುಂಬಿ ಬರ್ತೈತಿ, ಅದಕ್ಕ ಹಿಂದಿನ ಕಲ್ಯಾಣಕ್ಕ ಹೋಗಿ, ಖಾಲಿ ಗಾಡಿಯಾಗ ಸೀಟ್ ಹಿಡದು, ಕುಂತು ಮುಂದಕ್ಕ ಬರೂದು. ಮುಂದ ಹೋಗಬೇಕಂದ್ರ ಮೊದಲ ಹಿಂದಕ್ಕ ಹೋಗೂ ಊರಾಗ ಹುಟ್ಟಿ ಕಾರ್ನರ್‌ಬ್ಯಾಕ್ ಆಗಲಾರದ ಇನ್ನೇನ ಆಗ್ಲಿ, ನೀವ ಹೇಳ್ರಿ.

ನಾನೂ ಅಪ್ಪನೂ ಬಾಜೂ ಬಾಜೂ ಕುಂತಿದ್ದು ಅವತ್ತ ಮೊದಲ. ಅಪ್ಪ ಕೇಳಿದ, "ಹಿಂದಕ್ಕ ಓಡುಮುಂದ ಎಲ್ಲಿ ನೋಡ್ತಿ?"

ನಾ ಜಂಬದ್ಲೆ ಹೇಳಿದೆ, "ಅವನ ಸೊಂಟ. ಮಾರಿ, ಕೈ, ಕಾಲು ಎಲ್ಲಾ ಸುಳ್ಳು ಹೇಳ್ತಾವ. ಸೊಂಟ ತಿರಗಲಾರದ ಮನಷ್ಯಾ ತಿರಗೂದಿಲ್ಲ. ದೊಡ್ಡ ದೊಡ್ಡ ಕೋಚ್‌ಗಳು ವಿಡಿಯೋದಾಗ ಹೇಳ್ತಾರ."

"ಅದಕ್ಕ ವಿಡಿಯೋ ಯಾಕ?" ಅಂದ ಅಪ್ಪ. "ಲಾರಿಯಿಂದ ಸರಳು ಇಳಸುಮುಂದ ಒಂದು ತುದಿ ನನ್ನ ಹೆಗಲ ಮ್ಯಾಲ, ಇನ್ನೊಂದು ತುದಿ ಜೋಡಿದಾರಂದು. ನಾ ಹಿಂದಕ್ಕ ನಡೀಬೇಕು. ಕಾಲು ನೋಡಿದ್ರ ಬೀಳ್ತೀನಿ, ಅವನ ಮಾರಿ ನೋಡಿದ್ರ ಇಬ್ರೂ ಬೀಳ್ತೀವಿ. ಸೊಂಟನ ನೋಡಬೇಕು."

ಎಷ್ಟು ವರ್ಷದಿಂದ ಹಿಂಗ ನಡೀತಿ ಅಂತ ಕೇಳಿದೆ. "ನೀ ಹುಟ್ಟೂಕಿಂತ ಮೊದಲಿಂದ" ಅಂದು ಕಣ್ಣು ಮುಚ್ಚಿದ. ಮನಿಯಾಗ ಇಂಥಾ ಕೋಚ್ ಇಟ್ಕೊಂಡು ನಾ ಡೇಟಾ ಪ್ಯಾಕ್ ಮುಗಿಸೀನಿ.

ಟ್ರಯಲ್‌ದಾಗ ಮೂರು ಸಲ ಓಡಿಸಿದ್ರು. ಎರಡು ಸಲ ಎದುರಿನವನಿಗೆ ಅವನ ನೆರಳಿನಗತೆ ಅಂಟಕೊಂಡೆ. ಮೂರನೇ ಸಲ ಎದುರಿಗೆ ಬಂದಾವ ಸಲೀಂ, ನಮ್ಮ ಕಾಲೇಜಿನವ, ಮುಂಬ್ರಾದ ಹುಡುಗ. ಬಿಸಿಲು ಏರಿತ್ತು. ಅವನ ಮಾರಿ ಬಾಡಿ ಬದ್ನಿಕಾಯಿ ಆಗಿತ್ತು. ಅಯ್ಯೋ ಪಾಪ, ಇವ ದಣದಾನ, ಇನ್ನೇನು ಓಡ್ತಾನ ಅಂತ ಒಂದು ಕ್ಷಣ ಅವನ ಮಾರಿ ನೋಡಿದೆ. ಅಷ್ಟರಾಗ ಸೊಂಟ ತಿರಗಿತ್ತು. ಚೆಂಡು ಅವನ ಕೈಯಾಗ, ನಾ ನೆಲದ ಮ್ಯಾಲ, ಇಡೀ ಗ್ರೌಂಡಿನ ಕಣ್ಣು ನನ್ನ ಮ್ಯಾಲ.

ಅಲ್ಲೇ ಹೆಸರು ಕೂಗಿದ್ರು. ಚೆಂಡು ಹಿಡಿಯಾವ್ರಾಗ ಸಲೀಂದು ಕೂಗಿದ್ರು, ಕಾರ್ನರ್‌ಬ್ಯಾಕಿಗೆ ನಂದು ಕೂಗಲಿಲ್ಲ.

ಸಲೀಂ ಬಂದು ತಬ್ಬಕೊಂಡ. "ಸಾರಿ ಭಾಯ್. ಖರೇನ ದಣದಿದ್ದೆ, ನಾಟಕ ಇಲ್ಲ."

"ಮಗನ, ದಣದಾವ ಹಿಂಗ ಓಡ್ತಾನೇನೋ?" ಅಂದೆ.

ಬಾಜೂಕ ನಿಂತ ಅಪ್ಪ ಹೇಳಿದ, "ದಣದವ್ರು ಓಡೂದಿಲ್ಲ ಅಂತ ನಿನಗ ಯಾರು ಹೇಳ್ಯಾರ? ಮತ್ತ ಈ ಊರು ಯಾರ ಮ್ಯಾಲ ನಡದೈತಿ?"

ವಾಪಸ್ ಗಾಡಿ ತುಂಬಿತ್ತು. ಅಪ್ಪ ಎರಡೂ ಕೈಲೆ ಮ್ಯಾಲಿನ ಹಿಡಿಕಿ ಹಿಡಕೊಂಡು ನಿಂತಿದ್ದ. ಅವನ ಮಾರಿ ನೋಡಿದ್ರ ಏನೂ ತಿಳೀಲಿಲ್ಲ. ಸೊಂಟ ನೋಡಿದೆ. ಒಂದು ಬದಿಗೆ ವಾಲಿತ್ತು. ಮೂರು ವರ್ಷ ಊರ ಮಂದಿ ಸೊಂಟ ನೋಡೀನಿ, ಇದನ್ನೊಂದು ನೋಡಿರ್ಲಿಲ್ಲ.

ಘನ್ಸೋಲಿ ಸ್ಟೇಷನ್ ಬರುಮುಂದ ಕಿಡಕಿ ಕಡೆ ಕುಂತಾವ ಇನ್ನೂ ಫೋನ್ ನೋಡ್ತಿದ್ದ, ಮಾರಿ ಹಂಗ ಇತ್ತು. ಆದ್ರ ಅವನ ಸೊಂಟ ಒಂದು ಬೊಟ್ಟು ಮುಂದಕ್ಕ ಸರೀತು. ಸುತ್ತಲಿನ ಮಂದಿಗೆ ತಿಳಿಯೂದ್ರಾಗ ನಾ ಅಲ್ಲಿದ್ದೆ. ಅವ ಎದ್ದ, ನಾ ಅಡ್ಡ ನಿಂತೆ, ಅಪ್ಪನ್ನ ಎಳದು ಕುಂದ್ರಿಸಿದೆ.

ಅಪ್ಪ ಕಾಲು ಚಾಚಿ ಉಸ್ಸಂದ. "ಇದಕ್ಕ ನಿಮ್ಮ ಆಟದಾಗ ಏನಂತಾರ?"

"ಇಂಟರ್‌ಸೆಪ್ಷನ್. ಇನ್ನೊಬ್ಬಗ ಹೋಗೂದನ್ನ ನಡುವ ಹಿಡಿಯೂದು."

"ಚಲೋ ಐತಿ" ಅಂದ ಅಪ್ಪ, ಕಣ್ಣು ಮುಚ್ಚಕೊಂಡು. "ನಾಳೆ ಕಂಪನಿಯಿಂದ ಬಂದ ಮ್ಯಾಲೂ ಆಡು. ಅವ್ವಗ ಪ್ಯಾಟಿಗೆ ಹೋಗೂದೈತಿ, ಬಸ್ಸಿನಾಗ ಸೀಟ್ ಸಿಗೂದಿಲ್ಲ."