ಅಕ್ಕಿಯ ಮೇಲೆ ಕೂತ ಪ್ರೊಸೆಸರ್

ನಮ್ಮ ಬನಹಟ್ಟಿಯಲ್ಲಿ ನಲವತ್ತರ ಹತ್ತಿರ ಬಂದ ಗಂಡಸರಿಗೆ ಸಕ್ಕರೆ ಕಾಯಿಲೆ ಹಿಡಿಯುತ್ತದೆ, ಇಲ್ಲವೇ ರಾಜಕೀಯ ಹಿಡಿಯುತ್ತದೆ. ನನಗೆ ಗೇಮಿಂಗ್ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಮೂರರಲ್ಲಿ ಇದೇ ಕಡಿಮೆ ಅಪಾಯದ್ದು ಎಂದು ಹೆಂಡತಿಯನ್ನು ಒಪ್ಪಿಸಿದೆ. ನಾನು ಹೈಸ್ಕೂಲಿನ ಗಣಿತದ ಮಾಸ್ತರ. ಅದುವರೆಗೆ ಮೊಬೈಲಿನಲ್ಲೇ ಕಾರ್ ರೇಸ್ ಆಡುತ್ತಿದ್ದೆ. ಮೂರನೇ ಸುತ್ತಿಗೆ ಅದು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು.

ಬಿಡಿಭಾಗ ಆರಿಸುವುದೇ ಒಂದು ಹಬ್ಬವಾಯಿತು. ಹಳೇ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಪಟ್ಟಿ ಬರೆಯುತ್ತಿದ್ದೆ, ಹೊಡೆದು ಹಾಕುತ್ತಿದ್ದೆ, ಮತ್ತೆ ಬರೆಯುತ್ತಿದ್ದೆ. ಮುಧೋಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಸೋದರಮಾವನ ಮಗ ಫೋನಿನಲ್ಲಿ ಬುದ್ಧಿ ಹೇಳಿದ: "ಲೇ ಮಾಸ್ತರ, ಡಬ್ಬಿ ದೊಡ್ಡದೈತಿ ಅಂತ ತಗೋಬ್ಯಾಡ. ನಮ್ಮೂರ ನಾಯಿ ನೋಡು, ಹೊಟ್ಟಿ ಬೆನ್ನಿಗೆ ಹತ್ತಿರತೈತಿ, ಓಡಾಕ ನಿಂತ್ರ ಹಿಡದವ್ರಿಲ್ಲ." ಗಾಜಿನ ಬದಿಯ, ಬಣ್ಣದ ಲೈಟಿನ ಕ್ಯಾಬಿನೆಟ್ ತೋರಿಸಿದಾಗ ಹೆಂಡತಿ, "ಗಣಪತಿ ಮಂಟಪ ವರ್ಷಕ್ಕೊಮ್ಮಿ ಸಾಕ್ರೀ" ಅಂದಳು. ಅವ್ವ ಒಂದೇ ಪ್ರಶ್ನೆ ಕೇಳಿದಳು: "ಮೋಟಾರ ಎಷ್ಟು ಎಚ್‌ಪಿ?" ಮೋಟಾರಿಲ್ಲ, ಬರೀ ಫ್ಯಾನು, ಐದು ಅಂದೆ. "ಐದ! ಹಂಗಾದ್ರ ಬ್ಯಾಸಗಿಗೆ ಅಡ್ಡಿಯಿಲ್ಲ" ಎಂದು ಮಂಜೂರು ಮಾಡಿದಳು.

ಸಾಮಾನು ಜಮಖಂಡಿಯಿಂದ ತಂದೆ. ಅಂಗಡಿಯವರು, "ಜೋಡಣಿ ನಮ್ಮ ಕಡೆನ ಬಿಡ್ರಿ ಸರ್, ಸಂಜೀಕ ಒಯ್ಯೀರಂತ" ಅಂದರು. ಮಾವನ ಮಗ, ಭಾನುವಾರ ಬಂದು ಅತ್ತಿ ಕೈಯ ಹೋಳಿಗೆ ತಿಂದು ಜೋಡಿಸಿ ಹೋಗುತ್ತೇನೆ ಅಂದ. ಇಬ್ಬರಿಗೂ ಬೇಡವೆಂದೆ. ಅದಕ್ಕೊಂದು ಕಾರಣವಿತ್ತು. ನಾನು ಮಗ್ಗದ ಮನೆಯಲ್ಲಿ ಹುಟ್ಟಿದವನು. ಅಪ್ಪ ನೇಯುತ್ತಿದ್ದ, ಅವ್ವ ಎಳೆ ಜೋಡಿಸುತ್ತಿದ್ದಳು, ನಾನು ಮಾತ್ರ ಸೀಮೆಸುಣ್ಣ ಹಿಡಿದೆ. ನನ್ನ ಕೈಯಿಂದ ಒಂದೇ ಒಂದು ಯಂತ್ರವೂ ಓಡಿಲ್ಲ ಎಂಬ ಸಂಕಟ ಒಳಗೇ ಇತ್ತು. ಇದನ್ನು ನನ್ನ ಕೈಯಾರೆ ಜೋಡಿಸುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಕೊನೆಗೆ ಹಾಲು ಹಾಕುವವನಿಗೂ ಹೇಳಿಬಿಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಕೂತೆ. ನಮ್ಮ ಓಣಿಯಲ್ಲಿ ಹೊಸ ಲಾಳಿ ತಂದರೂ ಪೂಜೆಯಿಲ್ಲದೆ ಮಗ್ಗಕ್ಕೆ ಹಾಕುವುದಿಲ್ಲ. ಕಂಪ್ಯೂಟರಿನ ಬುದ್ಧಿಯೆಲ್ಲ ಪ್ರೊಸೆಸರಿನಲ್ಲಿದೆ, ಆದ್ದರಿಂದ ಅದಕ್ಕೇ ಪೂಜೆ ಸಲ್ಲಬೇಕು ಎಂದು ತೀರ್ಮಾನಿಸಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬಿಲ್ಲೆ. ಬೆನ್ನಿಗೆ ಸಾವಿರಕ್ಕೂ ಹೆಚ್ಚು ಬಂಗಾರ ಬಣ್ಣದ ಪಿನ್ನುಗಳು, ಒಂದೊಂದೂ ಕೂದಲೆಳೆಯಂಥದ್ದು. ದೇವರಾಗಲಿ ಯಂತ್ರವಾಗಲಿ, ಬರೀ ತಾಟಿನಲ್ಲಿ ಇಡಬಾರದಲ್ಲ? ಒಂದು ಹಿಡಿ ಅಕ್ಕಿ ಹರಡಿ ಅದರ ಮೇಲೆ ಕೂಡಿಸಿದೆ. ನುಣುಪು ಲೋಹಕ್ಕೆ ಕುಂಕುಮ ಹತ್ತಲಿಲ್ಲ. ನೀರು ಹಚ್ಚಿ, ಹೆಬ್ಬೆರಳಿನಿಂದ ಒತ್ತಿದೆ. ಭಕ್ತಿ ಸ್ವಲ್ಪ ಹೆಚ್ಚೇ ಆಗಿತ್ತು, ಎರಡು ಸಲ ಒತ್ತಿದೆ.

ಮಾವನ ಮಗ ವಿಡಿಯೋ ಕಾಲಿನಲ್ಲಿ ನೋಡುತ್ತ ನಗುತ್ತಿದ್ದವನು ತಟ್ಟನೆ ನಗು ನಿಲ್ಲಿಸಿದ. "ಮಾಸ್ತರ, ಪಿನ್ನ ಕೆಳಗ ಅದಾವೇನಲೇ?"

ಎತ್ತಿ ತಿರುಗಿಸಿದೆ. ಪಿನ್ನುಗಳ ನಡುವೆ ಅಕ್ಕಿ ಕಾಳು ಸಾಲಾಗಿ ನಾಟಿಕೊಂಡಿದ್ದವು, ಹಿಪ್ಪರಗಿ ಕಡೆಯ ಹೊಲದಲ್ಲಿ ಕಬ್ಬು ನಾಟಿದ ಹಾಗೆ. ಉಗುರು ಹಾಕಿ ಒಂದು ಕಾಳು ಮೀಟಿದೆ. ಮೂರು ಪಿನ್ನು ಮಲಗಿದವು. ಇನ್ನೊಂದು ಮೀಟಿದೆ. ಮತ್ತೆ ನಾಲ್ಕು.

"ಈ ಅಕ್ಕಿನ ಭಾಳ ದಪ್ಪ ಐತಿ" ಅಂದೆ.

"ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದು ಅವನು ಛೇಡಿಸಿದ. ಆಮೇಲೆ ಅವನ ದನಿ ಇಳಿಯಿತು. "ಬಗ್ಗಿದ್ದನ್ನ ಅಂಗಡಿಯವ್ರು ವಾಪಸ್ ತಗೊಳ್ಳಂಗಿಲ್ಲೋ. ಒಂದು ಪಿನ್ನ ಮುರದ್ರ ಮುಗೀತು. ನನ್ನ ದಪ್ಪ ಬೆರಳಿಗೂ ಅದು ಆಗೂ ಕೆಲಸ ಅಲ್ಲ."

ಇನ್ನೊಂದು ಪ್ರೊಸೆಸರ್ ಕೊಳ್ಳುವ ಮಾತೇ ಇರಲಿಲ್ಲ. ಇದು ಹೋದರೆ ಎಲ್ಲ ಹೋಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅಳು ಬಂತು. ಹೆಂಡತಿ ನನ್ನ ಮುಖ ನೋಡಿ, ಬೈಯಲೆಂದು ತೆರೆದ ಬಾಯಿ ಮುಚ್ಚಿಕೊಂಡು ಒಳಗೆ ಕೂಗಿದಳು: "ಅತ್ತೀ, ಸ್ವಲ್ಪ ಇತ್ತಾಗ ಬರ್ರೀ!"

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಳುತ್ತ ಕೂತಿದ್ದೆನಲ್ಲ! ಕೈಮಗ್ಗದಲ್ಲಿ ಒಂದು ಸೀರೆಯ ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ನಾನು ಚಿಕ್ಕವನಿದ್ದಾಗ ರಬಕವಿಯಿಂದಲೂ ಜನ ಬಂದು ಅವ್ವನನ್ನು ಕೆಚ್ಚಲು ಕರೆದೊಯ್ಯುತ್ತಿದ್ದರು. ಪವರ್‌ಲೂಮುಗಳು ಓಣಿ ತುಂಬಿದ ಮೇಲೆ ಕರೆ ಕಡಿಮೆಯಾಗಿ, ಆ ಬೆರಳುಗಳು ಈಗ ಹೀರೇಕಾಯಿ ಹೆರೆಯುತ್ತಿದ್ದವು.

ಅವ್ವ ಕನ್ನಡಕ ಏರಿಸಿ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. "ಇದೇನ ಹೊಸಾದಲ್ಲ ಬಿಡು. ಮಗ್ಗದಾಗ ಎಳಿ ಹಾಯೂ ಫಣಿ ಕಡ್ಡಿ ಬಗ್ಗಿದಂಗ ಬಗ್ಗ್ಯಾವು. ಸೂಜಿ ತಾ." ಸೂಜಿ ತಂದೆ. ಅಷ್ಟರಲ್ಲಿ ದೇವರ ಮಾಡಕ್ಕೆ ಹೋಗಿ ಬಂದಿದ್ದಳು. ನೋಡಿದರೆ ಎರಡು ಬೆರಳಿನ ತುದಿ ವಿಭೂತಿಯಿಂದ ಬೆಳ್ಳಗಾಗಿದೆ.

"ಯವ್ವಾ, ಈಬತ್ತಿ ಯಾಕ?"

"ಬೂದಿ ಇಲ್ದ ಯಾರರ ಕೆಚ್ಚತಾರೇನ? ಬೆರಳು ಜಾರತಾವ. ಒಲಿ ಇದ್ರ ಒಲಿ ಬೂದಿ ಹಚ್ಚತಿದ್ದೆ. ಮನ್ಯಾಗ ಗ್ಯಾಸ ತಂದಾಂವ ನೀನ."

ಫೋನಿನೊಳಗಿನಿಂದ ಮಾವನ ಮಗ, "ಅತ್ತೀ, ಬೂದಿ ಬ್ಯಾಡ!" ಎಂದು ಚೀರಿದ. ಅವ್ವ ಅವನನ್ನು ಬೋರಲು ಹಾಕಿ ಕೆಲಸಕ್ಕೆ ಕೂತಳು. ಮೊದಲು ಕಾಳುಗಳು ಒಂದೊಂದೇ ಹೊರಬಂದವು. ಆಮೇಲೆ ಸೂಜಿ ಕೆಳಗೆ ಹೋಗುವುದು, ಬೆರಳು ಮೇಲಿಂದ ತಡೆಯುವುದು, ಪಿನ್ನು ತನಗೇ ನೆನಪಾಗಿ ಎದ್ದಂತೆ ನಿಲ್ಲುವುದು. ನಾನು ಎಣಿಸುತ್ತ ಕೂತೆ. ಏಳನೆಯದು ನಿಂತಾಗ ಹೆಂಡತಿ ತನ್ನ ಪೌಡರ್ ಬ್ರಶ್ ತ್ಯಾಗ ಮಾಡಿ ಬೂದಿ ಜಾಡಿಸಿದಳು.

ಉಳಿದ ಸ್ಕ್ರೂ, ವೈರು ನಾನೇ ಕೂಡಿಸಿದೆ. ಪ್ರೊಸೆಸರ್ ತನ್ನ ಜಾಗದಲ್ಲಿ ಸದ್ದಿಲ್ಲದೆ ಕೂತಿತು. ಗುಂಡಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ನಂತರ ಐದೂ ಫ್ಯಾನು ತಿರುಗಿದವು, ಪರದೆ ಬೆಳಗಿತು. ನಾನು ಲುಂಗಿ ಎತ್ತಿ ಕಟ್ಟಿ ಪಡಸಾಲೆಯಲ್ಲಿ ಕುಣಿದೆ.

ಕಂಪ್ಯೂಟರಿಗೆ ಆಟವನ್ನೆಲ್ಲ ಹಾಕಿ ರೇಸ್ ಶುರುಮಾಡುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕುಣಿತ ಮುಗಿಸಿ ಎಷ್ಟೋ ಹೊತ್ತಾದರೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇನ್ನೇನು ಆಡಬೇಕು, ಕುರ್ಚಿಯಲ್ಲಿ ಅವ್ವ ಕೂತಿದ್ದಳು.

"ಕೆಚ್ಚಿದಾಕಿ ಮೊದಲ ಒಂದು ಗೇಣು ನೇಯಬೇಕು. ನಮ್ಮ ಮನಿ ಪದ್ಧತಿ. ಯಾವುದು ಒತ್ತಲಿ ಹೇಳು."

ವರ್ಷಗಟ್ಟಲೆ ನಾನು ಕನಸು ಕಂಡ ಮೊದಲ ರೇಸು! ಹೇಳಿಕೊಟ್ಟೆ. ಅವ್ವ ಕಾರನ್ನು ಹಿಂದಕ್ಕೆ ಓಡಿಸಿದಳು, ಗೋಡೆಗೆ ಗುದ್ದಿದಳು, ಸೇತುವೆಯಿಂದ ಹಾರಿಸಿದಳು. ಪ್ರತಿ ಸಲ ಸೆರಗು ಬಾಯಿಗೆ ಒತ್ತಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಬ್ರೇಕ್ ಯವ್ವಾ, ಬ್ರೇಕ್!" ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಅವಳ ಒಂದು ಗೇಣು ಮುಗಿಯುವ ಲಕ್ಷಣವೇ ಇರಲಿಲ್ಲ.

ಮಾವನ ಮಗ ಮತ್ತೆ ಫೋನ್ ಮಾಡಿದ. "ಕಡೀಕ ಜೋಡಿಸಿದ್ದು ಯಾರಪಾ?"

"ನಮ್ಮವ್ವ" ಅಂದೆ. ಊರಿಗೆಲ್ಲ ಸಾರಿಕೊಂಡಿದ್ದವನು ನಾನು. ಆದರೂ ಆ ಮಾತು ಹೇಳುವಾಗ ಎದೆ ಹಿಗ್ಗಿತು.

"ಅತ್ತಿ ಕೈಯಾಗ ಫೋನ್ ಕೊಡೋ."

"ಈಗ ಆಗೂದಿಲ್ಲೋ. ಆಕಿ ಆಡಾಕತ್ತಾಳ. ನಾನೂ ಪಾಳಿ ಕಾಯಾಕತ್ತೇನಿ."