ಕೇಳಿಸ್ತಿದೆ, ಹೇಳಿ

ಬೆಳಕು ಹರಿಯುವ ಮೊದಲೇ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯ ಬಾಗಿಲು ತೆರೆಯುತ್ತದೆ. ಆಯಾ ಮೊದಲು ಫ್ಯಾನ್ ಆರಿಸುತ್ತಾರೆ. ಅದರ ಸದ್ದಿನಲ್ಲಿ ಮೆಲ್ಲನೆ ಆಡಿದ ಮಾತು ಆ ಕಡೆಗೆ ತಲುಪುವುದಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ದೂರದ ಮನೋವೈದ್ಯೆಗೆ ಫೋನ್ ಹಚ್ಚಿಕೊಟ್ಟು, ಬಾಗಿಲೆಳೆದುಕೊಂಡು ಹೊರಗೆ ನಿಲ್ಲುತ್ತಾರೆ. ಒಳಗಿರುವವರು ಬೇಕರಿಯವರು. ರಾತ್ರಿಯಿಡೀ ಒಲೆಯ ಮುಂದಿದ್ದು ನೇರ ಇಲ್ಲಿಗೆ ಬಂದಿದ್ದಾರೆ.

ಊರಿನವರ ಬಾಯಲ್ಲಿ ಆಯಾ 'ಫೋನಕ್ಕ'. ಕಸ ಗುಡಿಸಲು ಸೇರಿದವರು. ನರ್ಸ್ ವರ್ಗವಾಗಿ ಹೋದಾಗ ಫೋನು ಇವರ ಕೈಗೆ ಬಂತು. ಈಗ ದಿನಕ್ಕೆ ಹತ್ತು ಹನ್ನೆರಡು ಕರೆ, ನಡುನಡುವೆ ಗುಡಿಸುವುದೂ ಇದೆ. "ನಮ್ಮಮ್ಮ ಡಾಕ್ಟ್ರಾಗ್ಬಿಟ್ಳು, ಪೊರಕೆ ಮಾತ್ರ ಬಿಟ್ಟಿಲ್ಲ ಅಂತ ಮಗಳು ಆಡ್ಕೋತಾಳೆ," ಎಂದು ನಗುತ್ತಾರೆ.

ಕರೆ ಸೇರಿದೊಡನೆ ವೈದ್ಯೆ ಹೇಳುವುದು ಒಂದೇ ಮಾತು: "ಕೇಳಿಸ್ತಿದೆ, ಹೇಳಿ."

"ಎಷ್ಟೋ ಜನ ಅಲ್ಲೇ ಅತ್ತುಬಿಡ್ತಾರೆ. ಮೇಡಂ ಹೇಳಿದ್ದು ಫೋನ್ ವಿಷ್ಯ, ಇವ್ರಿಗೆ ಬೇರೇನೋ ಅನ್ಸುತ್ತೆ. ನಾನ್ಯಾಕೆ ತಿದ್ದಲಿ?" ಎನ್ನುತ್ತಾರೆ ಆಯಾ.

ಹೆಂಡತಿ ತೀರಿಕೊಂಡ ಮೇಲೆ ಬೇಕರಿಯವರು ಮೊದಲ ಸಲ ಅತ್ತಿದ್ದು ಆ ಮಾತಿಗೇ. ಇಬ್ಬರಲ್ಲಿ ಒಬ್ಬರು ಹೋದ ಮನೆಯಲ್ಲಿ ಹಾಗೆ ಹೇಳುವವರಿರುವುದಿಲ್ಲ.

ಮುಂದಿನ ವಾರದಿಂದ ಹೊಸ ನಿಯಮ. ಬರೀ ಧ್ವನಿಯ ಕರೆಯನ್ನು ಚಿಕಿತ್ಸೆಯೆಂದು ಒಪ್ಪುವುದಿಲ್ಲ. ರೋಗಿಯ ಮುಖ ತೆರೆಯ ಮೇಲೆ ಕಾಣಲೇಬೇಕು. ಬೇಕರಿಯವರು ಆಗದು ಎಂದಿದ್ದಾರೆ. "ಅಳೋ ಮುಖ ಹೆಂಗೆ ತೋರಿಸ್ಲಿ ಅಕ್ಕ? ಅವಳಿಗೇ ಒಂದಿನಾನೂ ತೋರಿಸ್ಲಿಲ್ಲ."

ಆಯಾ ಒಂದು ದಾರಿ ಹುಡುಕಿದ್ದರು. "ಮುಖ ತಾನೇ ಬೇಕು ಮೇಡಂ, ನಾನು ಕೂರ್ತೀನಿ, ಅವ್ರು ಪಕ್ಕದಲ್ಲಿ ಮಾತಾಡ್ಲಿ ಅಂದೆ." ವೈದ್ಯೆ ನಕ್ಕರಂತೆ. ಆಮೇಲೆ, ಆಗುವುದಿಲ್ಲ ಎಂದರಂತೆ.

ಬಾಗಿಲ ಸದ್ದಾಗುತ್ತದೆ. ಬೇಕರಿಯವರ ಕೊನೆಯ ಧ್ವನಿ ಕರೆ ಮುಗಿದಿದೆ. ಆಯಾ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾರೆ.

"ಸೋಮವಾರ ಬರ್ತೀರಲ್ಲ ಅಣ್ಣ?"

"ನೋಡೋಣ ಅಕ್ಕ."

ಹೆಜ್ಜೆ ಸದ್ದು ಮೆಟ್ಟಿಲಿಳಿದ ಮೇಲಷ್ಟೇ ಆಯಾ ಬೀದಿಯ ಕಡೆ ತಿರುಗುತ್ತಾರೆ. ಬೇಕರಿಯವರು ಬೀದಿಯ ತಿರುವು ದಾಟುವವರೆಗೂ ನೋಡುತ್ತಾರೆ.

"ಬಂದ್ರೆ ಸಾಕು," ಎನ್ನುತ್ತಾರೆ. "ಇಲ್ಲಿ ಅತ್ತು ಹೊರಗೆ ಬಂದವರ ಮುಖ ಒಂದನ್ನೂ ನಾನು ನೋಡಿಲ್ಲ. ಬೆನ್ನು ನೋಡಿದ್ರೆ ಮಾತ್ರ ಎಲ್ಲರನ್ನೂ ಗುರುತು ಹಿಡೀತೀನಿ."